ಕತ್ತರಿಸಿಟ್ಟ ಉಸಿರು

ಹುಣಸೂರು
9-6-2003

ಖಲೀಲಾ,

ಇಲ್ಲಿ ಎಲ್ಲ ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ನನ್ನ ಕ್ಯಾಸೆಟ್ ಅಂಗಡಿಗೆ ಈಗ ಸಿ.ಡಿ. ಕೇಳುವವರು ಬರುತ್ತಾರೆ. ಸಿ.ಡಿ. ತಂದಿಟ್ಟರೆ ಕಾಪಿ ಮಾಡಿಕೊಡಿ ಅನ್ನುವವರು ಬರುತ್ತಾರೆ. ಬೆಟ್ಟದಪುರದ ದೇವರ ಮೇಲೆ ನಾನು ಬರೆದ ಭಕ್ತಿಗೀತೆಗಳನ್ನು ಕೇಳಿಕೊಂಡು ಈ ತಿಂಗಳು ಬಂದವರು ಒಬ್ಬರೇ. ಅವರೂ ಹಾಡಿದ ಹುಡುಗಿಯ ತಾಯಿ.

ಊರಿಗೊಂದು ಎಸ್‌ಟಿಡಿ ಬೂತಿರುವಾಗ ಪತ್ರ ಯಾಕೆ ಅನ್ನುತ್ತೀಯ. ಹೋದ ಸಲ ನಾವಿಬ್ಬರೂ ಕೂಗಾಡಿದ್ದು ಕೇಳಿ ಬೂತಿನವನು, "ಆಸ್ತಿ ವಿಚಾರವಾ ಸಾರ್?" ಅಂದ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ಆರ್ಕೆಸ್ಟ್ರಾ ಬಿಟ್ಟು ಮದರಾಸಿಗೆ ಹೋದವನು ನೀನು. ನಿನ್ನಂಥವರ ಕೀಬೋರ್ಡು ಮದುವೆ ಮನೆಗೆ ಬಂದ ಮೇಲೆ ನಮ್ಮ ಸಣ್ಣಬೀರಯ್ಯನವರ ವಾಲಗವನ್ನು ಕರೆಯುವವರಿಲ್ಲ. ಈಗ ಅವರ ಸದ್ದನ್ನೂ ಬಾಚಿಕೊಳ್ಳಲು ಬಂದೆಯಾ ಅಂತ ನಾನು ಕೇಳಿದ್ದು ತಪ್ಪಿರಬಹುದು. ಸ್ವಲ್ಪ ಸರಿಯೂ ಇರಬಹುದು.

ಆದರೂ ನೀನು ಹೇಳಿದೆಯಲ್ಲ ಅಂತ ಹಾರನಹಳ್ಳಿಗೆ ಹೋಗಿದ್ದೆ. ಬೀರಯ್ಯನವರು ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದರು. ಜೋಡಿಗೆ ಊದುತ್ತಿದ್ದ ತಮ್ಮ ತೀರಿಕೊಂಡ ಮೇಲೆ, ಇವರು ಉಸಿರು ತೆಗೆದುಕೊಳ್ಳುವ ಸಂದನ್ನು ತುಂಬುವವರಿಲ್ಲ. ಅಲ್ಲಿ ಡೋಲು ಮಾತ್ರ ಬಡಿಯುತ್ತದೆ. ನಿನಗೆ ನೆನಪಿರಬೇಕು, ಚಿಕ್ಕಂದಿನಲ್ಲಿ ಅವರ ಪಕ್ಕ ಶ್ರುತಿಪೆಟ್ಟಿಗೆ ಒತ್ತುತ್ತ ಕೂತು ಸ್ವರ ಕಲಿತವನು ನೀನು. ಅವರ ಹೆಂಡತಿ ಮಲ್ಲಾಜಮ್ಮ ಮದುವೆಮನೆಯ ಒಲೆಯ ಹತ್ತಿರ ಇದ್ದುಕೊಂಡೇ ಆ ಉಸಿರು ಕೇಳಿಸಿಕೊಳ್ಳುತ್ತಿದ್ದರು. ಗಿಡ್ಡವಾಯಿತು ಅಂದರೆ, "ನಮ್ಮೋನು ಅಸ್ಕಂಡವ್ನೆ" ಅಂತ ಸೆರಗಿನಲ್ಲಿ ಬಾಳೆಹಣ್ಣು ಕಟ್ಟಿಕೊಂಡು ಬರುತ್ತಿದ್ದರು.

ವಿಷಯ ಹೇಳಿದೆ. "ನಿಮ್ಮ ವಾಲಗಾನ ಖಲೀಲ ಕಂಪ್ಯೂಟರ್ ಒಳಕ್ಕೆ ಹಾಕ್ತಾನಂತೆ."

"ಆಕ್ಲಿ ಬುಡು. ಒಳಕ್ಕಾಕಿ ಬಾಕ್ಲು ಮುಚ್ಚುದ್ರೆ ಉಸ್ರು ಕಟ್ಟಕಿಲ್ವಾ?" ಅಂದರು.

ಒಳಗಿಂದ ಮಲ್ಲಾಜಮ್ಮ, "ಈ ಕೆಮ್ಮಿಟ್ಕಂಡು ಊದಾಕೋಯ್ತೀಯಾ? ಮದ್ವೆಗೇ ಯಾರೂ ಕರೀತಿಲ್ಲ, ಮಿಸನ್ನು ಕರೀತಂತೆ!" ಅಂದರು.

"ಮದ್ವೆಗೆ ಕರೀತಿಲ್ಲ ಅಂತ್ಲೇ ಓಯ್ತೀನಿ ಕಣಮ್ಮಿ. ನಾಳೆ ನಾನಿಲ್ದೇ ಓದ್ರೂ ಯಾರ್ದಾದ್ರೂ ಮದ್ವೇಲಿ ಊದ್ತಾ ಇರ್ತೀನಿ."

ಆಮೇಲೆ ಆಕೆ ನನಗೊಂದು ಲೋಟ ಮಜ್ಜಿಗೆ ತಂದಿಟ್ಟರು. ಒಪ್ಪಿದ್ದಾರೆ ಅಂತ ತಿಳಿದುಕೋ. ಅವರ ಹೆಸರು ಅದರ ಮೇಲಿರಬೇಕು, ಅದೊಂದು ಮಾತು ಕೊಡು. ನೀವು ಹಾಡು ಮಾಡುವ ಈ ಸಾಫ್ಟ್‌ವೇರುಗಳಲ್ಲಿ ಯಾವುದು ಎಲ್ಲರಿಗೂ ಬೇಕಾದದ್ದು, ಯಾವುದು ಯಾರಿಗೂ ಬೇಡವಾದದ್ದು? ಅದನ್ನೂ ಬರೆ. ಅವರನ್ನು ಯಾರೂ ಕೇಳದ ಪೆಟ್ಟಿಗೆಯೊಳಗೆ ಇಡಬೇಡ.

ಕ್ಯಾಸೆಟ್ಟಿನ ಅಂಗಡಿಯಲ್ಲಿ, ಗಿರಾಕಿಯಿಲ್ಲದ ಗಡಿಯಲ್ಲಿ,
ಶಿವಶಂಕರ


ಚೆನ್ನೈ
2-7-2003

ಶಿವೂ,

ನಿನ್ನ ಬೈಗುಳಕ್ಕೂ ಪ್ರಾಸ ಇರುತ್ತದೆ, ಅದಕ್ಕೇ ಸಿಟ್ಟು ಬರುವುದಿಲ್ಲ. ಹೆಸರು ಇರುತ್ತದೆ, ಮಾತು ಕೊಟ್ಟಿದ್ದೇನೆ.

ನೀನು ಕೇಳಿದ ಪ್ರಶ್ನೆಯನ್ನು ಇಲ್ಲಿ ಚಹಾ ಅಂಗಡಿಯಲ್ಲಿ ದಿನಾ ಕೇಳುತ್ತಾರೆ. ಹೊಸ ಹುಡುಗರಿಗೆಲ್ಲ ಫ್ರೂಟಿ ಲೂಪ್ಸ್ ಅನ್ನುವುದು ಬೇಕು. ಹೆಸರು ಕೇಳಿ ನಮ್ಮ ಹಮೀದುನ್ನೀಸಾ ಅಮ್ಮೀಜಾನ್, "ಮಾವಿನಹಣ್ಣಿನ ಜ್ಯೂಸಲ್ವೇನೋ ಅದು?" ಅಂದಿದ್ದರು. ಹಿರಿಯರು ಅದನ್ನು ಕಂಡರೆ ನಗುತ್ತಾರೆ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದರಲ್ಲೇ ರಾಗ ಹಾಕುತ್ತಾರೆ. ಫ್ರೆಂಚರದೊಂದಿದೆ, ಹಳೆಯ ಕಾಲದ ಸಿಂಥಸೈಜರುಗಳ ಸದ್ದನ್ನು ಹಾಗೇ ಕೊಡುತ್ತದೆ. ಅದನ್ನು ಹೊಗಳದವರಿಲ್ಲ, ಬಳಸುವವರು ಕಡಿಮೆ. ಎಲ್ಲಕ್ಕಿಂತ ಹೆಚ್ಚು ಓಡುವುದು ಒಂದು ಜರ್ಮನ್ ಸಾಫ್ಟ್‌ವೇರು. ಅದರೊಳಗೆ ಯಾವ ವಾದ್ಯದ ಸ್ವರಗಳನ್ನು ಬೇಕಾದರೂ ತುಂಬಿ ಕೀಬೋರ್ಡಿನಿಂದ ನುಡಿಸಬಹುದು.

ಅದು ಮೇಲು ಅಂತಲ್ಲ. ಪಕ್ಕದ ರೆಕಾರ್ಡಿಂಗ್ ಥಿಯೇಟರಿನವನು ಇಟ್ಟುಕೊಂಡಿದ್ದಾನೆ ಅಂತ ಇವನೂ ಇಡುತ್ತಾನೆ. ಇವತ್ತು ಇಲ್ಲಿ ಶುರುವಾದ ಹಾಡು ನಾಳೆ ಅಲ್ಲಿ ಮುಗಿಯಬೇಕಲ್ಲ, ಎರಡೂ ಕಡೆ ಒಂದೇ ಸಾಫ್ಟ್‌ವೇರ್ ಇದ್ದರೆ ಫೈಲು ತೆರೆಯುತ್ತದೆ. ಜೊತೆಗೆ ಬೀಗ ಮುರಿದ ಕಾಪಿ ಯಾವುದಕ್ಕೆ ಮೊದಲು ಸಿಗುತ್ತದೋ ಅದಕ್ಕೇ ಜನ ಜಾಸ್ತಿ. ಇಷ್ಟೇ ಇದರ ಗುಟ್ಟು.

ಇಷ್ಟೆಲ್ಲ ಇದ್ದೂ ಒಂದರಲ್ಲೂ ನಮ್ಮ ವಾಲಗವಿಲ್ಲ. ವಾಲಗ ಅಂತ ಇರುವುದು ಬಾತುಕೋಳಿಯ ಜಗಳದ ಹಾಗೆ ಕೇಳುತ್ತದೆ. ಅದಕ್ಕೇ ಬೀರಯ್ಯನವರು ಬೇಕು. ನನಗೆ ಇಲ್ಲಿಂದ ಬಿಡುವಿಲ್ಲ. ನೀನೇ ಮೈಸೂರಿಗೆ ಕರೆದುಕೊಂಡು ಹೋಗು, ಸ್ಟುಡಿಯೋದವರಿಗೆ ಹೇಳಿದ್ದೇನೆ. ಒಂದೊಂದೇ ಸ್ವರ, ಉದ್ದಕ್ಕೆ, ಬಿಡಿಬಿಡಿಯಾಗಿ. ಮೆಲ್ಲಗೊಮ್ಮೆ, ಜೋರಾಗೊಮ್ಮೆ. ಡೋಲು ಬೇಡ, ಶ್ರುತಿಯೂ ಬೇಡ.

ಅವರ ಪಾದ ಮುಟ್ಟಿದೆ ಅಂತ ಹೇಳು.

ಖಲೀಲ್


ಹುಣಸೂರು
21-9-2003

ಖಲೀಲಾ,

ಮುಗಿಯಿತು. ನಿನ್ನ ಸಿ.ಡಿ.ಗಳನ್ನು ಸ್ಟುಡಿಯೋದವರೇ ಕೊರಿಯರ್ ಮಾಡುತ್ತಾರೆ.

ಮಲ್ಲಾಜಮ್ಮ ಬರಬೇಕಿತ್ತು. ಹಸು ಆ ದಿನವೇ ಕರು ಹಾಕುವ ಹಟ ಹಿಡಿಯಿತು. ಮೊಸರನ್ನದ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟು, "ಒತ್ಗೆ ಸರ್ಯಾಗಿ ಉಣ್ಸಪ್ಪಾ, ಊದೋಕೆ ಕುಂತ್ರೆ ಅವ್ನ್ಗೆ ಒಟ್ಟೆ ಗ್ಯಾನ ಇರಕಿಲ್ಲ" ಅಂದರು.

ಸ್ಟುಡಿಯೋದಲ್ಲಿ ಗಾಜಿನ ಆಚೆ ಅವರು, ಈಚೆ ನಾವು. ಶ್ರುತಿ ಇಲ್ಲದೆ ಅವರಿಗೆ ಕೈಕಾಲು ಆಡಲಿಲ್ಲ. "ನೆಲ ಇಲ್ದೆ ನಿಂತ್ಕೊ ಅಂತೀರಲ್ಲ" ಅಂದರು. ಕಿವಿಗೆ ಹೆಡ್‌ಫೋನಿನಲ್ಲಿ ಶ್ರುತಿ ಕೊಟ್ಟ ಮೇಲೆ ನಿಂತುಕೊಂಡರು. ಒಂದು ಸ್ವರ ಊದುವುದು, ನಿಲ್ಲಿಸುವುದು. ಮತ್ತೆ ಅದೇ ಸ್ವರ, ಜೋರಾಗಿ. ನಿಲ್ಲಿಸುವುದು. ಒಂದು ಸಲ ಕೈ ತಾನಾಗಿ ರಾಗದ ಕಡೆ ಜಾರಿತು, ಸ್ಟುಡಿಯೋದವನು ಗಾಜು ತಟ್ಟಿದ.

"ಒಂದೊಂದೇ ಸ್ವರ ಊದೋದು ಅಂದ್ರೆ ಅನ್ನಾನ ಒಂದೊಂದೇ ಅಗ್ಳು ಉಂಡಂಗೆ ಕಣ್ಲಾ" ಅಂದರು. ಆದರೂ ಊದಿದರು.

ಸಂಜೆಗೆ ಯಾರೋ ಗಾಯಕಿಗೆ ಸ್ಟುಡಿಯೋ ಬಿಟ್ಟುಕೊಡಬೇಕಿತ್ತು. ಊಟಕ್ಕೆ ಏಳೋಣ ಅಂದರೆ, "ಇನ್ನೆಲ್ಡು ಸ್ವರ ಮುಗಿಸ್ಬುಡನ" ಅಂದರು. ಆ ಎರಡು ಮುಗಿದರೆ ಮತ್ತೆರಡು. ನಾನೂ ಒತ್ತಾಯ ಮಾಡಲಿಲ್ಲ, ಕೆಲಸ ಕುದುರಿದೆ, ಕೆಡಿಸುವುದು ಬೇಡ ಅಂತ. ಬಸ್ಸು ಹತ್ತಿದ ಮೇಲೆ ಬುತ್ತಿ ಬಿಚ್ಚಿದರೆ ಮೊಸರನ್ನ ಹುಳಿಯಾಗಿ, ಮೂಗು ಮುಚ್ಚಿಕೊಳ್ಳುವಂತಿತ್ತು. ಇಲವಾಲದ ಹತ್ತಿರ ಕಿಟಕಿಯಿಂದ ಎಸೆದು, ಬುತ್ತಿಬಟ್ಟೆ ಕೊಡವಿ ಮಡಿಚಿಟ್ಟುಕೊಂಡರು.

"ಅವ್ಳ್ಗೆ ಏಳ್ಬ್ಯಾಡ. ಉಂಡೆ, ಚೆನ್ನಾಗಿತ್ತು ಅಂತೀನಿ."

ಹಾಗೇ ಅಂದರು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಕರು ಹೆಣ್ಣಂತೆ, ಮನೆಯಲ್ಲಿ ಖುಷಿ.

ಮೈಯೆಲ್ಲ ದಣಿದಿದೆ, ಮನಸು ಕುಣಿದಿದೆ,
ಶಿವಶಂಕರ


ಚೆನ್ನೈ
14-12-2003

ಶಿವೂ,

ವಾಲಗ ತಯಾರಾಯಿತು. ಇದರ ಜೊತೆ ಒಂದು ಸಿ.ಡಿ. ಇಟ್ಟಿದ್ದೇನೆ, ಅವರಿಗೆ ಕೇಳಿಸು. ಅವರು ಊದಿದ ಸ್ವರಗಳನ್ನೇ ನಾನು ಕೀಬೋರ್ಡಿನಲ್ಲಿ ನುಡಿಸಿರುವ ಮಂಗಳವಿದೆ.

ಕಿವಿ ಸೋಲುವಷ್ಟು ಕೆಲಸವಾಯಿತು. ಪ್ರತಿ ಸ್ವರದ ಮೊದಲು ಅವರು ಎಳೆದ ಉಸಿರು, ಕೊನೆಯ ಕೆಮ್ಮು, ಗಂಟಲು ಸರಿಮಾಡಿಕೊಂಡದ್ದು, ಎಲ್ಲವನ್ನೂ ಕತ್ತರಿಸಿ ತೆಗೆದಿದ್ದೇನೆ. ಉಸಿರಿನ ಸದ್ದಿದ್ದರೆ ಸಂಗೀತ ನಿರ್ದೇಶಕರು ಮುಟ್ಟುವುದಿಲ್ಲ. ಈಗ ಕೀಲಿಯ ಮೇಲೆ ಬೆರಳಿಟ್ಟರೆ, ಬೆರಳು ಎತ್ತುವವರೆಗೆ ಸ್ವರ ನಿಲ್ಲುವುದೇ ಇಲ್ಲ. ಜರ್ಮನ್ ಸಾಫ್ಟ್‌ವೇರಿಗೇ ಹೊಂದಿಸಿದ್ದೇನೆ. ಜನ ಇರುವ ಕಡೆ ಅಂಗಡಿ ಇಡಬೇಕು ಅಂತ ನೀನೇ ಹೇಳುತ್ತಿದ್ದೆಯಲ್ಲ.

'ಹಾರನಹಳ್ಳಿ ಸಣ್ಣಬೀರಯ್ಯ' ಅಂತ ಹೆಸರಿಟ್ಟಿದ್ದೇನೆ. ಕಂಪ್ಯೂಟರಿನ ಪರದೆ ಮೇಲೆ ಓದಿದರೆ ಮೈ ಜುಮ್ ಅನ್ನುತ್ತದೆ.

ಖಲೀಲ್


ಹುಣಸೂರು
19-4-2004

ಖಲೀಲಾ,

ಬೀರಯ್ಯನವರು ಮೊನ್ನೆ ತೀರಿಕೊಂಡರು.

ಮೈಸೂರಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದರು. ಒಂದು ಮಾತು ಆಡಬೇಕಾದರೆ ಉಸಿರು ಕೂಡಿಸಿಕೊಂಡು, ಅದನ್ನು ಮಾತಿಗೆ ಖರ್ಚು ಮಾಡಿ, ಮತ್ತೆ ಕೂಡಿಸಿಕೊಳ್ಳಬೇಕು. ಮಲ್ಲಾಜಮ್ಮ ಮಂಚದ ಪಕ್ಕ ಕೂತು, ಅವರು ಉಸಿರು ಎಳೆದಾಗ ತಾವೂ ಎಳೆಯುತ್ತಿದ್ದರು. ಬಿಟ್ಟಾಗ ಬಿಡುತ್ತಿದ್ದರು. ಎದುರು ಮಂಚದವಳು ಈಯಮ್ಮನಿಗೂ ಕಾಯಿಲೆ ಅಂದುಕೊಂಡಿದ್ದಳು.

ನಿನ್ನ ಸಿ.ಡಿ.ಯನ್ನು ಅಲ್ಲೇ ಹೆಡ್‌ಫೋನ್ ಕಿವಿಗಿಟ್ಟು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಚೆನ್ನಾಗೂದ್ತಾನೆ ಕಣಪ್ಪಾ. ಆಯಾಸ್ವೇ ಇಲ್ಲ ಅವ್ನಿಗೆ" ಅಂದರು, ಯಾರೋ ಬೇರೆ ಊರಿನ ಕಲಾವಿದನ ಬಗ್ಗೆ ಹೇಳುವ ಹಾಗೆ. ಮಲ್ಲಾಜಮ್ಮನಿಗೆ ಕೊಡಹೋದರೆ ಬೇಡ ಅಂದರು. ಅವರ ಕಿವಿ ಮಂಚದ ಕಡೆಗಿತ್ತು.

ವಾಲಗ ಮಂಗಳವಾದ್ಯ, ಸಾವಿನ ಮನೆಗೆ ಬರುವಂತಿಲ್ಲ. ವಾಲಗದವರ ಮನೆಗೂ ಬರುವಂತಿಲ್ಲ. ಪಿರಿಯಾಪಟ್ಟಣ ಸುತ್ತಿನ ಹೆಣ್ಣುಮಕ್ಕಳನ್ನೆಲ್ಲ ಊದಿ ಕಳಿಸಿಕೊಟ್ಟವರು ತಮಟೆಯಲ್ಲಿ ಹೋದರು. ಆವತ್ತೇ ನಿಮ್ಮ ಮನೆಗೆ ಫೋನ್ ಮಾಡಿ ತಿಳಿಸಿದ್ದೆನಲ್ಲ, ನೀನು ಬರುತ್ತೀಯ ಅಂತ ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತಿದ್ದೆ. ಬರಲಾಗಲಿಲ್ಲ ಅಂತ ಗೊತ್ತಿದೆ. ಕಾರಣ ಬರೆಯುವುದು ಬೇಡ.

ನಿನ್ನ
ಶಿವಶಂಕರ


ಚೆನ್ನೈ
30-5-2005

ಶಿವೂ,

ವರ್ಷದ ಮೇಲಾಯಿತು. ಕಾರಣ ಬರೆಯಬೇಡ ಅಂದೆಯಲ್ಲ, ಏನು ಬರೆಯಬೇಕೋ ತೋಚಲಿಲ್ಲ.

ಒಂದು ಸುದ್ದಿ ಇದೆ. ಒಳ್ಳೆಯದೋ ಕೆಟ್ಟದ್ದೋ ನೀನೇ ಹೇಳು. ಬೀರಯ್ಯನವರ ವಾಲಗ ಈಗ ಎಲ್ಲ ಕಡೆ ಇದೆ. ಇಲ್ಲಿಯ ಧಾರಾವಾಹಿಯ ಮದುವೆಗಳಲ್ಲಿ, ಸೀರೆ ಅಂಗಡಿಯ ಜಾಹೀರಾತಿನಲ್ಲಿ, ಹೈದರಾಬಾದಿನ ಯಾವುದೋ ಸಿನಿಮಾದಲ್ಲಿ. ವಾಲಗ ಬೇಕು ಅಂದರೆ ಎಲ್ಲರ ಬೆರಳೂ ಮೊದಲು ಇದರ ಮೇಲೇ ಹೋಗುತ್ತದೆ. ನಾನು ನಾಲ್ಕಾರು ಜನಕ್ಕೆ ಕೊಟ್ಟಿದ್ದೆ ಅಷ್ಟೆ. ಅವರಲ್ಲಿ ಯಾರೋ ಕಾಪಿ ಮಾಡಿ, ಆ ಕಾಪಿಗೆ ಕಾಪಿಯಾಗಿ, ರಸ್ತೆ ಬದಿಯ ಸಿ.ಡಿ.ಗಳಲ್ಲಿ ಬಂದುಬಿಟ್ಟಿದೆ.

ಹೆಸರು ಮಾತ್ರ ಇಲ್ಲ. 'ಸೌತ್ ವೆಡ್ಡಿಂಗ್ 3' ಅಂತ ಮಾಡಿದ್ದಾರೆ. ಅಷ್ಟುದ್ದದ ಹೆಸರು ಪರದೆಯಲ್ಲಿ ಹಿಡಿಸುವುದಿಲ್ಲ ಅಂತ ಒಬ್ಬ ನನಗೇ ಹೇಳಿದ, ಇದು ಯಾರು ಮಾಡಿದ್ದು ಅಂತ ತಿಳಿಯದೆ. ಒಂದು, ಎರಡು ಯಾರದೋ ನನಗೂ ಗೊತ್ತಿಲ್ಲ.

ಯಾರೂ ಕೇಳದ ಪೆಟ್ಟಿಗೆಯಲ್ಲಿ ಅಡಗಿಸಿಡಬೇಡ ಅಂತ ನೀನು ಅಂದಿದ್ದೆ. ಅಡಗಿಸಲಿಲ್ಲ. ಆದರೆ ಕಳೆದುಬಿಟ್ಟೆ.

ಮಲ್ಲಾಜಮ್ಮ ಹೇಗಿದ್ದಾರೆ?

ಖಲೀಲ್


ಹುಣಸೂರು
20-2-2006

ಖಲೀಲಾ,

ಮಗಳು ಪವಿತ್ರಾಳ ಮದುವೆ ಹೋದ ವಾರ ಆಯಿತು. ನಿನ್ನ ಹೆಂಡತಿ ತಹಸೀನ್ ಕಳಿಸಿದ ಸೀರೆ ಮಗಳಿಗೆ ಒಪ್ಪಿತು. ನೀನು ಬರದಿದ್ದದ್ದೇ ಒಳ್ಳೆಯದಾಯಿತು.

ನನಗೊಂದು ಹುಚ್ಚು ಹತ್ತಿತ್ತು. ನಾಳೆ ನಾನಿಲ್ಲದಿದ್ದರೂ ಮದುವೆಯಲ್ಲಿ ಊದುತ್ತಿರುತ್ತೇನೆ ಅಂದಿದ್ದರಲ್ಲ ಬೀರಯ್ಯನವರು, ನನ್ನ ಮಗಳ ಮದುವೆಯಲ್ಲೇ ಊದಲಿ ಅಂತ. ಕೆ.ಆರ್. ನಗರದ ಮಾದೇವ ಅನ್ನುವವನ ಆರ್ಕೆಸ್ಟ್ರಾದಲ್ಲಿ ಕಂಪ್ಯೂಟರಿದೆ, ನಿನ್ನ ಆ 'ಸೌತ್ ವೆಡ್ಡಿಂಗ್' ಇದೆ. ಅವನನ್ನೇ ಹುಡುಕಿ ಕರೆಸಿದೆ. ಯಾರ ವಾಲಗ ಇದು ಗೊತ್ತಾ ಅಂದರೆ, "ಇದ್ರಲ್ಲೇ ಬತ್ತದೆ ಸಾರ್, ಫ್ರೀ" ಅಂದ.

ಮಲ್ಲಾಜಮ್ಮನನ್ನು ಹಾರನಹಳ್ಳಿಯಿಂದ ಕಾರಿನಲ್ಲಿ ಕರೆತಂದು ಮಂಟಪದ ಎದುರಿಗೇ ಕೂರಿಸಿದೆ. "ನಾನು ಮುಂದೆ ಕೂರಬಾರ್ದು ಕಣಪ್ಪಾ, ಇಂದ್ಕೆ ಬುಡು" ಅಂತ ಎದ್ದರು. "ನಿಮ್ಮ ಯಜಮಾನರ ವಾಲಗ ಇದೆ, ನೀವು ಹಿಂದೆ ಕೂತರೆ ಹೇಗೆ?" ಅಂದೆ. ನನ್ನ ಹೆಂಡತಿ ಕಡೆಯವರು ಮುಖ ಹುಳ್ಳಗೆ ಮಾಡಿಕೊಂಡರು. ಮಾಡಿಕೊಳ್ಳಲಿ.

ವಾಲಗ ಶುರುವಾದಾಗ ಅವರು ತಲೆ ಎತ್ತಿ ಕೇಳಿದರು. ಗುರುತು ಹಿಡಿದರು, ಮುಖ ಅರಳಿತು. ಪಕ್ಕದವಳಿಗೆ, "ನಮ್ಮೋನೇ ಕಣವ್ವ" ಅಂದರು. ಆಮೇಲೆ ಕಿವಿಗೊಟ್ಟು ಕಾಯತೊಡಗಿದರು. ಏನು ಕಾಯುತ್ತಿದ್ದಾರೆ ಅಂತ ನನಗೆ ತಿಳಿಯಲಿಲ್ಲ. ಮುಖ ನಿಧಾನಕ್ಕೆ ಬಿಗಿಯಿತು. ತಮ್ಮ ಉಸಿರನ್ನೂ ಹಿಡಿದುಕೊಂಡಿದ್ದರು.

ಪುರೋಹಿತರು ಗಟ್ಟಿಮೇಳ ಅಂದರು. ಡೋಲಿಗೆ ಏಟು ಬಿದ್ದಿತು, ಮಾದೇವ ಮೇಲಿನ ಸ್ವರದ ಮೇಲೆ ಬೆರಳು ಒತ್ತಿ ಹಿಡಿದ. ಬಿಡಲೇ ಇಲ್ಲ. ಎಲ್ಲರೂ ಅಕ್ಷತೆ ಎಸೆಯುತ್ತಿದ್ದಾರೆ. ಮಲ್ಲಾಜಮ್ಮ ಎದ್ದು ನಿಂತು ನನ್ನ ತೋಳು ಹಿಡಿದು ಜಗ್ಗಿದರು.

"ನಿಲ್ಸು! ನಿಲ್ಸೋಕೇಳು ಕಣಪ್ಪಾ! ಎಲ್ಲೂ ಉಸ್ರು ತಗತಿಲ್ಲ ಅವ್ನು, ಸತ್ತೋಯ್ತಾನೆ!"

ಗಟ್ಟಿಮೇಳ ಬಾರಿಸುವುದೇ ತಾಳಿ ಕಟ್ಟುವ ಹೊತ್ತಿಗೆ ಅಂಥ ಮಾತು ಯಾರ ಕಿವಿಗೂ ಬೀಳದಿರಲಿ ಅಂತ. ಅದನ್ನು ನಡುವೆ ನಿಲ್ಲಿಸುವಂತಿಲ್ಲ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವರ ಕೂಗನ್ನು ಬೀರಯ್ಯನವರ ವಾಲಗವೇ ಮುಚ್ಚಿಹಾಕಿತು. ಕೇಳಿದವನು ನಾನೊಬ್ಬ. ನಾನೂ ನಿಲ್ಲಿಸಲಿಲ್ಲ, ತಾಳಿ ನನ್ನ ಮಗಳ ಕೊರಳಿಗೆ ಬೀಳುತ್ತಿತ್ತು.

ಅವರು ಊಟ ಮಾಡದೆ ಹೋದರು. ಕಾರಿನಲ್ಲಿ ಒಂದೇ ಮಾತು: "ಅಷ್ಟೊತ್ತು ಯಾರಾದ್ರೂ ಊದುಸ್ತಾರಾ ಮನುಸನ್ನ?"

ಮಗಳ ಮದುವೆ ಮುಗಿಸಿದವ, ಒಬ್ಬರ ಕೂಗು ನುಂಗಿಸಿದವ,
ಶಿವಶಂಕರ


ಚೆನ್ನೈ
27-3-2006

ಶಿವೂ,

ಇದರ ಜೊತೆ ಒಂದು ಕ್ಯಾಸೆಟ್ ಇದೆ. ಮೈಸೂರಿನಿಂದ ಬಂದ ಮೂಲ ಸಿ.ಡಿ.ಗಳನ್ನು ನಾನು ಬಿಸಾಡಿರಲಿಲ್ಲ. ಆವತ್ತು ಕತ್ತರಿಸಿ ತೆಗೆದದ್ದನ್ನೆಲ್ಲ ಮತ್ತೆ ಹುಡುಕಿ ಒಂದರ ಹಿಂದೆ ಒಂದು ಜೋಡಿಸಿದ್ದೇನೆ, ಬೆಳಗಿನಿಂದ ಸಂಜೆಯವರೆಗೆ ಬಂದ ಕ್ರಮದಲ್ಲೇ. ಇದರಲ್ಲಿ ಒಂದು ಸ್ವರವೂ ಇಲ್ಲ.

ಕೇಳಿಸಬೇಕೋ ಬೇಡವೋ ನಿನಗೆ ಬಿಟ್ಟದ್ದು.

ಖಲೀಲ್


ಹುಣಸೂರು
8-5-2006

ಖಲೀಲಾ,

ಎಷ್ಟೋ ದಿನ ಕ್ಯಾಸೆಟ್ಟನ್ನು ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟುಕೊಂಡು ಕೂತಿದ್ದೆ. ಕೊನೆಗೆ ಮಲ್ಲಾಜಮ್ಮ ಸಂತೆಗೆ ಬಂದ ದಿನ ಅಂಗಡಿಗೆ ಕರೆದೆ. ಇಂಥದ್ದು ಬಂದಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಆಕು" ಅಂದರು.

ಮೊದಲು ಏನೂ ಇಲ್ಲ. ಆಮೇಲೆ ಒಂದು ಉಸಿರು, ಒಳಕ್ಕೆ. ಸುಮ್ಮನೆ. ಮತ್ತೊಂದು. ಯಾರೋ ಏನೋ ಹೇಳಲು ಹೊರಟು, ಹೇಳದೆ ಬಿಟ್ಟ ಹಾಗೆ. ರಸ್ತೆಯಲ್ಲಿ ಸಂತೆಯ ಗಲಾಟೆ. ಅವರು ಸ್ಟೂಲನ್ನು ಎಳೆದುಕೊಂಡು ಸ್ಪೀಕರಿಗೆ ಕಿವಿ ತಾಗುವಷ್ಟು ಹತ್ತಿರ ಕೂತರು.

"ಇದು ಬೆಳಿಗ್ಗೆದು" ಅಂದರು. "ಉಮ್ಮಸ್ಸಲ್ಲವ್ನೆ."

ಕೆಮ್ಮು ಬಂತು. "ಬಿಸ್ನೀರು ಕೊಡಬಾರ್ದಾ ಯಾರಾದ್ರೂ" ಅಂತ ಗೊಣಗಿದರು. ಗಂಟಲು ಸರಿಮಾಡಿಕೊಂಡದ್ದು ಕೇಳಿ ನಕ್ಕರು. ನಾನು ಸಮಾಧಾನಪಟ್ಟೆ. ನಿನಗೆ ಒಳ್ಳೆಯದಾಗಲಿ ಅಂದುಕೊಂಡೆ. ಗಿರಾಕಿ ಒಬ್ಬ ಬಂದು ಯಾವುದೋ ಹೊಸ ಸಿ.ಡಿ. ಕೇಳಿದ, ಕೈ ಸನ್ನೆ ಮಾಡಿ ಕಳಿಸಿದೆ.

ಕ್ಯಾಸೆಟ್ಟಿನ ಎರಡನೇ ಬದಿ ತಿರುಗಿಸಿ ಹಾಕಿದ ಮೇಲೆ ಅವರ ನಗು ನಿಂತಿತು. ಕೈಯಿಂದ ನನಗೆ ಸುಮ್ಮನಿರು ಅಂದರು, ನಾನು ಮಾತಾಡುತ್ತಲೇ ಇರಲಿಲ್ಲ.

"ಅಸ್ಕಂಡವ್ನೆ" ಅಂದರು.

ನಾನು ಕ್ಯಾಸೆಟ್ಟಿನ ಡಬ್ಬಿ ನೋಡುತ್ತ ನಿಂತೆ.

"ಬುತ್ತಿ ಕೊಟ್ಟಿದ್ನಲ್ಲ ಶಿವಪ್ಪಾ. ಉಣ್ಲಿಲ್ವಾ ಅವತ್ತು?"

ಚೆನ್ನಾಗಿತ್ತು ಅಂದಿದ್ದರಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆವತ್ತು ಅವರ ಮನೆಯ ಬಾಗಿಲಲ್ಲಿ ತಲೆಯಾಡಿಸಿದ್ದೆನಲ್ಲ, ಅದೇ ತಲೆ ಈಗ ಯಾವ ಕಡೆಗೂ ಆಡಲಿಲ್ಲ. ಕ್ಯಾಸೆಟ್ಟು ತನ್ನ ಪಾಡಿಗೆ ಓಡುತ್ತಿತ್ತು. ಉಸಿರು ಇನ್ನೂ ಗಿಡ್ಡವಾಯಿತು. ನಿಲ್ಲಿಸಲೇ ಅಂತ ಕೈ ಚಾಚಿದೆ.

"ಬ್ಯಾಡ ಇರು. ಪೂರಾ ಊದ್ಲಿ."

ಕೊನೆಯವರೆಗೂ ಕೇಳಿದರು. ಗುಂಡಿ ತಾನಾಗಿ ಟಕ್ ಅಂತ ಎದ್ದಿತು. ಅವರು ಸೆರಗಿನ ಗಂಟು ಬಿಚ್ಚಿದರು. ಸಂತೆಯಲ್ಲಿ ಕೊಂಡ ಬಾಳೆಹಣ್ಣಿತ್ತು. ಅದನ್ನು ಹಿಡಿದುಕೊಂಡು ಸ್ಪೀಕರನ್ನು ನೋಡಿದರು, ಆಮೇಲೆ ನನ್ನನ್ನು.

"ತಗೊ. ನೀನೂ ಬೆಳಿಗ್ಗಿಂದ ಅಂಗ್ಡೀಲೇ ಕುಂತಿದ್ದೀಯ" ಅಂದರು.

ಅವರ ಎದುರಿಗೇ ಸುಲಿದು ತಿಂದೆ. ಸಿಪ್ಪೆ ಕೈಯಲ್ಲಿ ಹಿಡಿದು ನಿಂತಿದ್ದೆ, ಅದನ್ನೂ ಅವರೇ ಇಸಿದುಕೊಂಡರು. "ಮುಂದಿನ್ ಸಂತೆಗೆ ಬತ್ತೀನಿ, ಆಕಿರು" ಅಂತ ಹೇಳಿ ಹೋದರು.

ಶಿವಶಂಕರ